ಸದ್ದಿನಲ್ಲಿ ಮಾತು ಕೇಳಿಸುತ್ತದೆ, ಆದರೆ ತಲೆಯಲ್ಲಿ ನಿಲ್ಲುವುದಿಲ್ಲ. ಇದು ಕಿವಿಯ ತೊಂದರೆಯಾ, ನೆನಪಿನದ್ದಾ?

ಮೂಲೆಮೇಜು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 54 ವರ್ಷ. ದಾಖಲೆ ವಿಭಾಗದಲ್ಲಿ ಕೆಲಸ. ನಡುವೆ ಗೋಡೆಗಳೇ ಇಲ್ಲದ ದೊಡ್ಡ ಹಾಲ್. ಬೆನ್ನ ಹಿಂದೆ ಪ್ರಿಂಟರ್, ತಲೆಯ ಮೇಲೆ ಏಸಿ, ಎದುರಿಗೆ ಇಬ್ಬರು ಮೂವರು ಸದಾ ಫೋನಿನಲ್ಲಿ.

ನನ್ನ ತೊಂದರೆ ಹೇಳುವುದೇ ಸ್ವಲ್ಪ ಕಷ್ಟ. "ಕೇಳಿಸಲ್ಲ" ಅನ್ನುವ ಹಾಗಿಲ್ಲ, ಕೇಳಿಸುತ್ತದೆ. ಹೇಳಿದ್ದನ್ನು ಆಗಿಂದಾಗ ತಿರುಗಿಸಿ ಹೇಳಿ ಅಂದರೆ ಹೇಳುತ್ತೇನೆ. ಆದರೆ ನಿಲ್ಲುವುದಿಲ್ಲ.

ಮೊನ್ನೆ ನಡೆದದ್ದು ಹೇಳುತ್ತೇನೆ. ಪ್ರಿಂಟರ್ ಓಡುತ್ತಿತ್ತು. ನಮ್ಮ ಮೇಲಧಿಕಾರಿ ಬಂದು, "ಎಂಬತ್ತಾರನೇ ಫೈಲ್ ತೆಗೀರಿ, ಮೂರನೇ ಹಾಳೆಯಲ್ಲಿ ಸಹಿ ಇದೆಯಾ ನೋಡಿ, ಇಲ್ಲದಿದ್ದರೆ ಕಳಿಸಬೇಡಿ, ನನ್ನ ಟೇಬಲ್ ಮೇಲಿಡಿ" ಅಂದರು. ಎಂಬತ್ತಾರಾ, ತೊಂಬತ್ತಾರಾ ಅಂತ ನನಗೆ ಒಂದು ಕ್ಷಣ ಗೊಂದಲ. ಹಿಂದಿನ ದಿನ ಎಂಬತ್ತೈದರ ಕೆಲಸ ಮುಗಿದಿತ್ತು, ಹಾಗಾದರೆ ಎಂಬತ್ತಾರೇ ಇರಬೇಕು ಅಂದುಕೊಂಡೆ. ಅದು ಸರಿಯೇ ಆಗಿತ್ತು. ಆದರೆ ಕಪಾಟಿನ ಹತ್ತಿರ ಹೋಗುವಷ್ಟರಲ್ಲಿ ಎಷ್ಟನೇ ಹಾಳೆ, ಸಹಿ ಇಲ್ಲದಿದ್ದರೆ ಏನು ಮಾಡಬೇಕು, ಎಲ್ಲ ಮಾಯ. ಇದೇ ಮಾತನ್ನು ಅವರು ಕ್ಯಾಬಿನ್ ಒಳಗೆ ಬಾಗಿಲು ಹಾಕಿಕೊಂಡು ಹೇಳಿದ್ದರೆ ಒಂದೂ ತಪ್ಪುತ್ತಿರಲಿಲ್ಲ.

ಕಿವಿ ಪರೀಕ್ಷೆ ಮಾಡಿಸಿದೆ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗ ಗುಂಡಿ ಒತ್ತಿ ಅಂದರು. 250ರಿಂದ 8000 ಹರ್ಟ್ಸ್ ತನಕ ಎಲ್ಲವೂ 20 ಡೆಸಿಬೆಲ್ ಒಳಗೇ ಇದೆ. "ನಾರ್ಮಲ್, ಏನೂ ಇಲ್ಲ" ಅಂತ ಕಳಿಸಿದರು. ಏನೂ ಇಲ್ಲ ಅಂದಮೇಲೆ ನನಗೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ನಮ್ಮ ತಂದೆಗೆ ಕೊನೆಕೊನೆಗೆ ಮರೆವಿನ ಕಾಯಿಲೆ ಇತ್ತು. ಮನೆಯಲ್ಲಿ "ನೀನು ಗಮನ ಕೊಟ್ಟು ಕೇಳಲ್ಲ" ಅನ್ನುತ್ತಾರೆ. ಗಮನ ಕೊಟ್ಟೂ ಕೊಟ್ಟೂ ಸಂಜೆ ಹೊತ್ತಿಗೆ ತಲೆ ಸೋತುಹೋಗಿರುತ್ತದೆ, ಅದು ಅವರಿಗೆ ಕಾಣುವುದಿಲ್ಲ.

ಕಿವಿ ಸರಿ ಇದ್ದರೆ ಇದೇನು ಮತ್ತೆ?

---

ಸುಮ್ನೆಓದುಗ:

ವಯಸ್ಸಾಯ್ತು ಅಷ್ಟೇ ಮೇಡಂ, ತಲೆ ಕೆಡಿಸಿಕೊಳ್ಳಬೇಡಿ. ಫೋನಿಗೆ ನೆನಪಿನ ಆಟದ ಆ್ಯಪ್ ಹಾಕಿಕೊಂಡು ದಿನಾ ಆಡಿ. ನಾನೂ ಆಡುತ್ತೇನೆ, ಚೆನ್ನಾಗಿದೆ.

---

ಕಿವಿಮಾತು:

ಮೂಲೆಮೇಜು ಅವರೇ, ನಾನು ಆಡಿಯಾಲಜಿಸ್ಟ್, ಕಿವಿ ಕೇಳುವ ಶಕ್ತಿಯನ್ನು ಪರೀಕ್ಷಿಸುವುದು ನನ್ನ ಕೆಲಸ. ನಿಮ್ಮ ಎಂಬತ್ತಾರು ತೊಂಬತ್ತಾರರ ಕಥೆ ಓದಿ ಖುಷಿಯಾಯಿತು, ತಪ್ಪು ತಿಳಿಯಬೇಡಿ. ನಮ್ಮಲ್ಲಿಗೆ ಬರುವವರು "ಏನೋ ಸರಿ ಇಲ್ಲ" ಅನ್ನುತ್ತಾರೆ, ಅದರಾಚೆ ಹೇಳಲು ಅವರಿಗೂ ಆಗುವುದಿಲ್ಲ. ನೀವು ಎಲ್ಲಿ ಕೈತಪ್ಪಿತು ಅನ್ನುವುದನ್ನು ಬೆರಳಿಟ್ಟು ತೋರಿಸಿದ್ದೀರಿ.

ಒಂದು ಗಮನಿಸಿ. ಸರಿಯಾಗಿ ಕೇಳಿಸದ ಪದ ನಿಮಗೆ ತಪ್ಪಲಿಲ್ಲ. ಅದನ್ನು ಸರಿಯಾಗೇ ಊಹಿಸಿದಿರಿ. ಹೋದದ್ದು ಅದರ ಹಿಂದೆ ಬಂದ, ಚೆನ್ನಾಗಿಯೇ ಕೇಳಿಸಿದ ಮಾತು. ಅದು ಯಾಕೆ ಹೋಯಿತು ಅನ್ನುವುದಕ್ಕೆ ಕಾರಣ ಇದೆ.

ಪುಟದ ಮೇಲಿನ ಅಕ್ಷರ ನಾವು ಮತ್ತೆ ನೋಡುವ ತನಕ ಅಲ್ಲೇ ಇರುತ್ತದೆ. ಮಾತು ಹಾಗಲ್ಲ, ಬಂತು, ಹೋಯಿತು. ವಾಕ್ಯ ಮುಗಿಯುವ ತನಕ ಅದರ ತಲೆಯನ್ನು ನಾವೇ ಹಿಡಿದಿಟ್ಟುಕೊಂಡಿರಬೇಕು. ಕನ್ನಡದಲ್ಲಂತೂ ಕಳಿಸಬೇಕೋ ಕಳಿಸಬಾರದೋ ಅನ್ನುವುದು ಕೊನೆಯ ಪದದ ಬಾಲದಲ್ಲಿ ಕೂತಿರುತ್ತದೆ. ಹೀಗೆ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಹಿಡಿದದ್ದರ ಮೇಲೆ ಕೆಲಸವನ್ನೂ ಮಾಡುವ ಶಕ್ತಿಗೆ ವರ್ಕಿಂಗ್ ಮೆಮೊರಿ ಅನ್ನುತ್ತೇವೆ. ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದರ ಮಾದರಿಯೊಂದನ್ನು ಮುಂದಿಟ್ಟರು. ಅದರ ಪ್ರಕಾರ ಮಾತಿನ ಸದ್ದನ್ನು ಹಿಡಿಯುವ ಭಾಗ ಬೇರೆಯೇ ಇದೆ. ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳದಿದ್ದರೆ ಅಲ್ಲಿರುವುದು ಸುಮಾರು 2 ಸೆಕೆಂಡಿನಲ್ಲಿ ಮಾಸಿಹೋಗುತ್ತದೆ. ಎಷ್ಟು ಹಿಡಿಸುತ್ತದೆ ಅಂದರೆ, ಜಾರ್ಜ್ ಮಿಲ್ಲರ್ 1956ರಲ್ಲಿ 7 ಸಂಗತಿಗಳು, ಎರಡು ಹೆಚ್ಚು ಕಡಿಮೆ ಅಂದಿದ್ದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು 4ರ ಆಸುಪಾಸಿಗೆ ಇಳಿಸಿದರು. ಈಗ ನಿಮ್ಮ ಮೇಲಧಿಕಾರಿ ಒಂದೇ ಉಸಿರಿನಲ್ಲಿ ಕೊಟ್ಟದ್ದನ್ನು ಎಣಿಸಿ: ಫೈಲ್ ಸಂಖ್ಯೆ, ಹಾಳೆ, ಸಹಿ, ಇಲ್ಲದಿದ್ದರೆ ಕಳಿಸಬೇಡಿ, ಟೇಬಲ್ ಮೇಲಿಡಿ. ಸದ್ದಿಲ್ಲದಿದ್ದರೂ ಅಂಚಿಗೆ ಬಂದುಬಿಟ್ಟಿತ್ತು.

ಇದನ್ನು ಒಂದು ಚಿಕ್ಕ ಸ್ಲೇಟು ಅನ್ನಿ. ಉತ್ತರ ಬರೆದಿಡುವುದೂ ಅಲ್ಲೇ, ಕೂಡಿ ಕಳೆಯುವ ಕಚ್ಚಾ ಲೆಕ್ಕವೂ ಅಲ್ಲೇ. ಸದ್ದಿಲ್ಲದ ಕಡೆ ಕಚ್ಚಾ ಲೆಕ್ಕವೇ ಬೇಕಾಗುವುದಿಲ್ಲ. ಪದ ಕಿವಿಗೆ ಬಿದ್ದ ಕೂಡಲೇ ಅದು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಪ್ರಿಂಟರ್ ಸದ್ದಿನಲ್ಲಿ ಮೊದಲ ಅಕ್ಷರ ಮುಚ್ಚಿಹೋಗಿ ಬರೀ "ಬತ್ತಾರು" ಬಂದಾಗ ಮಾತ್ರ ಕೆಲಸ ಶುರು. ಆ ತುಂಡನ್ನು ಹಿಡಿದುಕೊಂಡಿರಬೇಕು, ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ನಿನ್ನೆಯ ಫೈಲ್ ಯಾವುದು ಅಂತ ನೆನಪಿಸಿಕೊಳ್ಳಬೇಕು, ಒಂದನ್ನು ಆರಿಸಬೇಕು. ಅಷ್ಟನ್ನೂ ನೀವು ಮಾಡಿದಿರಿ. ಆದರೆ ಎದುರಿನವರು ಅಷ್ಟು ಹೊತ್ತು ಮಾತು ನಿಲ್ಲಿಸಿ ಕಾಯಲಿಲ್ಲ, ಅಲ್ವಾ? ಸ್ಲೇಟಿನಲ್ಲಿ ಜಾಗ ಇರಲಿಲ್ಲ.

ಸ್ವೀಡನ್‌ನ ಯರ್ಕರ್ ರೋನ್‌ಬರ್ಗ್ ಮತ್ತು ಜೊತೆಗಾರರು ವರ್ಷಗಟ್ಟಲೆ ಕೆಲಸ ಮಾಡಿ ಕಟ್ಟಿದ ಸಿದ್ಧಾಂತದ ತಿರುಳೂ ಇದೇ. ಕೇಳಿದ್ದು ತಲೆಯೊಳಗಿನ ಪದಕ್ಕೆ ಸಲೀಸಾಗಿ ಹೊಂದಿಕೊಂಡರೆ ಮಾತು ತಾನಾಗಿ ಅರ್ಥವಾಗುತ್ತದೆ. ಹೊಂದಿಕೊಳ್ಳದಿದ್ದರೆ ವರ್ಕಿಂಗ್ ಮೆಮೊರಿ ಕೈ ಹಾಕಬೇಕು.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಪ್ರಯೋಗ ಹಳೆಯದು, 1968ರದ್ದು, ಪ್ಯಾಟ್ರಿಕ್ ರ‍್ಯಾಬಿಟ್ ಮಾಡಿದ್ದು. ಜನರಿಗೆ ಅಂಕಿಗಳ ಪಟ್ಟಿ ಕೇಳಿಸಿದರು. ಮೊದಲರ್ಧ ಸದ್ದಿಲ್ಲದೆ, ಉಳಿದರ್ಧ ಸದ್ದಿನ ಜೊತೆ. ಅಂಕಿ ಯಾವುದು ಅಂತ ಗುರುತು ಸಿಗದಷ್ಟು ಸದ್ದೇನೂ ಅಲ್ಲ. ಆದರೂ ಎರಡನೇ ಅರ್ಧ ಸದ್ದಿನಲ್ಲಿ ಬಂದಾಗ, ಯಾವ ಸದ್ದೂ ಇಲ್ಲದೆ ಕೇಳಿದ್ದ ಮೊದಲರ್ಧವನ್ನೇ ಜನ ಜಾಸ್ತಿ ಮರೆತರು. ಮೊದಲರ್ಧ ಕೇಳುವಾಗ ಕಿವಿಗೆ ಏನೂ ಅಡ್ಡಿಯಿರಲಿಲ್ಲ. ಆಮೇಲೆ ಬಂದದ್ದನ್ನು ಬಿಡಿಸಿಕೊಳ್ಳುವ ಭರದಲ್ಲಿ ಅದು ಒರೆಸಿಹೋಯಿತು. "ಆಗ ಹೇಳಬಲ್ಲೆ, ಆಮೇಲೆ ಇರಲ್ಲ" ಅಂತ ನೀವು ಬರೆದದ್ದು ಅದೇ ಜಾತಿಯದ್ದು.

ಸಂಜೆಯ ದಣಿವೂ ನಿಜ, ನಿಮ್ಮ ಮನೆಯವರಿಗೆ ಹೇಳಿ. ಕಷ್ಟಪಟ್ಟು ಕೇಳುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಅದನ್ನು ಕ್ಯಾಮೆರಾದಲ್ಲಿ ಅಳೆಯಬಹುದು. ನೆದರ್ಲೆಂಡ್ಸ್‌ನಲ್ಲಿ ಜೆಕ್‌ವೆಲ್ಡ್, ಕ್ರಾಮರ್ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದ ಹಾಗೆ, ಸದ್ದಿನಲ್ಲಿ ವಾಕ್ಯ ಹಿಡಿಯುವುದು ಕಷ್ಟವಾದಷ್ಟೂ ಪಾಪೆ ಹೆಚ್ಚು ಹಿಗ್ಗುತ್ತದೆ. ಗಮನ ಕೊಡದವರ ಕಣ್ಣಿನಲ್ಲಿ ಅದು ಕಾಣುವುದಿಲ್ಲ.

ತಂದೆಯವರ ವಿಷಯ: ನಿಮ್ಮನ್ನು ನೋಡದೆ ನಾನು ಏನೂ ಹೇಳಬಾರದು. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಿದ್ದು ನೆನಪಿರುತ್ತದೆ ಅಂದಿರಲ್ಲ, ಅದು ಚಿಕ್ಕ ವಿಷಯವಲ್ಲ.

---

ಜೋಡಿಯಂತ್ರ:

ನನ್ನದು ಬೇರೆ ಕೇಸು, ನನಗೆ ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿ ಮುಂದೆ ಯಾರಾದರೂ "ಒಂದು ಏಡ್ ಹಾಕಿಕೊಳ್ಳಿ, ಸರಿಹೋಗುತ್ತದೆ" ಅಂದೇ ಅನ್ನುತ್ತಾರೆ. ಏಡ್ ಮಾತನ್ನೂ ಎತ್ತುತ್ತದೆ, ಪಕ್ಕದ ಸದ್ದನ್ನೂ ಎತ್ತುತ್ತದೆ.

ಇನ್ನೊಂದು ಸಂಗತಿ. ಏಡ್ ಮೆಲ್ಲನೆಯ ಸದ್ದನ್ನು ಜಾಸ್ತಿ ಎತ್ತಿ, ಜೋರು ಸದ್ದನ್ನು ಕಡಿಮೆ ಎತ್ತುತ್ತದೆ. ಈ ಏರಿಳಿತ ಎಷ್ಟು ಬೇಗ ಆಗಬೇಕು ಅನ್ನುವುದನ್ನು ಸೆಟ್ ಮಾಡಬಹುದು. ನನ್ನದು ಮೊದಲು ತುಂಬಾ ಚುರುಕಾಗಿತ್ತು. ಮೆಲ್ಲನೆಯ ಅಕ್ಷರಗಳೂ ಕೇಳುತ್ತಿದ್ದವು, ಆದರೆ ದನಿಗಳೆಲ್ಲ ಒಂದೇ ಮಟ್ಟಕ್ಕೆ ಬಂದು, ಯಾರದ್ದು ಯಾವ ಮಾತು ಅಂತ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ನಿಧಾನದ ಸೆಟ್ಟಿಂಗ್‌ಗೆ ಹಾಕಿಸಿದ ಮೇಲೆ ನನಗೆ ಆರಾಮ.

ನಿಮಗೆ ಏಡ್ ಬೇಡದಿರಬಹುದು, ಆದರೆ ದೂರ ಕಡಿಮೆ ಮಾಡುವುದು ಯಾರಿಗಾದರೂ ಆಗುತ್ತದೆ. ಬಯಲಿನಲ್ಲಿ ಮಾತಾಡುವವರ ಮತ್ತು ನಿಮ್ಮ ನಡುವಿನ ದೂರ ಅರ್ಧ ಆದರೆ ದನಿ 6 ಡೆಸಿಬೆಲ್ ಏರುತ್ತದೆ. ಗೋಡೆಗಳ ಮಧ್ಯೆ ಅಷ್ಟು ಪೂರ್ತಿ ಸಿಗುವುದಿಲ್ಲ, ಸಿಕ್ಕಿದ್ದೇ ಸಾಕು. ಮತ್ತೆ ಮುಖ ನೋಡಿ. ಕಂಪ್ಯೂಟರ್ ಪರದೆ ನೋಡಿಕೊಂಡು "ಹೂಂ, ಹೇಳಿ" ಅನ್ನಬೇಡಿ. ತುಟಿ ಕಂಡರೆ ಊಹಿಸುವ ಕೆಲಸ ಅರ್ಧ ತಪ್ಪುತ್ತದೆ.

---

ಪುರಾವೆಕೊಡಿ:

ಕಿವಿಮಾತು ಅವರ ಉತ್ತರ ಚೆನ್ನಾಗಿದೆ, ಆದರೆ ನನ್ನದೊಂದು ತಕರಾರು. ಎಲ್ಲವನ್ನೂ ವರ್ಕಿಂಗ್ ಮೆಮೊರಿಯ ತಲೆಗೆ ಕಟ್ಟಬೇಡಿ.

ಮೈಕಲ್ ಅಕೆರಾಯ್ಡ್ 2008ರಲ್ಲಿ ಅಲ್ಲಿಯ ತನಕದ ಸುಮಾರು 20 ಅಧ್ಯಯನಗಳನ್ನು ಜೋಡಿಸಿ ನೋಡಿದ್ದರು. ಸದ್ದಿನಲ್ಲಿ ಮಾತು ಹಿಡಿಯುವ ಶಕ್ತಿಗೆ ಮೊದಲ ಕಾರಣ ಕಿವಿಯೇ. ವರ್ಕಿಂಗ್ ಮೆಮೊರಿ ಆಮೇಲೆ. ಕ್ರಿಶ್ಚಿಯನ್ ಫುಲ್‌ಗ್ರಾಬ ಮತ್ತು ಸ್ಟುವರ್ಟ್ ರೋಸೆನ್ 2016ರಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಿದರು: ಕಿವಿ ಚೆನ್ನಾಗಿರುವ ಎಳೆಯರಲ್ಲಿ ಇವೆರಡಕ್ಕೂ ನಂಟು ಇಲ್ಲವೆನ್ನುವಷ್ಟು ಕಡಿಮೆ. ವಯಸ್ಸಾದ ಹಾಗೆ ಆ ನಂಟು ಗಟ್ಟಿಯಾಗುತ್ತದೆ.

ಮತ್ತೆ ಆಡಿಯೋಗ್ರಾಂ, ಅಂದರೆ ಆ ಬೀಪ್ ಪರೀಕ್ಷೆಯ ವರದಿ, "ನಾರ್ಮಲ್" ಅಂದರೆ ಕಿವಿ ಸರಿ ಅಂತ ಯಾಕೆ ಒಪ್ಪಿಕೊಳ್ಳಬೇಕು? ಶ್ಯಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ 2009ರಲ್ಲಿ ಇಲಿಗಳನ್ನು ಜೋರು ಸದ್ದಿಗೆ ಒಡ್ಡಿದರು. ಸ್ವಲ್ಪ ದಿನಕ್ಕೆ ಕೇಳುವ ಮಟ್ಟ ಮೊದಲಿನ ಹಾಗೇ ಆಯಿತು, ಕಿವಿಯೊಳಗೆ ಸದ್ದನ್ನು ಹಿಡಿಯುವ ಕೂದಲುಕೋಶಗಳೂ ಉಳಿದಿದ್ದವು. ಆದರೆ ಆ ಕೋಶಗಳಿಗೂ ನರಕ್ಕೂ ಇರುವ ಕೊಂಡಿಗಳು ಬಹಳಷ್ಟು ಹೋಗಿದ್ದವು. ಬೀಪ್ ಪರೀಕ್ಷೆ ಇಂಥದ್ದನ್ನು ಹಿಡಿಯುವುದಿಲ್ಲ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ಕಾರಣ ಅನ್ನುವ ವಾದ ಇನ್ನೂ ಮುಗಿದಿಲ್ಲ, ಆದರೆ ಬದಿಗಿಡುವ ಮಾತಲ್ಲ.

ಇನ್ನೊಂದನ್ನು ಯಾರೂ ಎತ್ತಲಿಲ್ಲ. ಪ್ರಿಂಟರ್ ಸದ್ದು ಬೇರೆ, ಎದುರಿನವರ ಫೋನ್ ಮಾತು ಬೇರೆ. ಪ್ರಿಂಟರ್ ಪದವನ್ನು ಮುಚ್ಚುತ್ತದೆ ಅಷ್ಟೇ. ಫೋನ್ ಮಾತು ಅರ್ಥವಾಗುತ್ತದಲ್ಲ, ಅದು ನಿಮ್ಮ ಗಮನವನ್ನೇ ಎಳೆದುಕೊಳ್ಳುತ್ತದೆ. ಕಾಲಿನ್ ಚೆರ್ರಿ 1953ರಲ್ಲೇ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ ನೋಡಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಂಬಾಲಿಸಲು ಜನರಿಗೆ ಆಗುತ್ತದೆ. ಆದರೆ ಎರಡೂ ದನಿ ಒಂದೇ ಕಡೆಯಿಂದ, ಒಂದೇ ಥರ ಬಂದರೆ ತುಂಬಾ ಕಷ್ಟ.

---

ಕಿವಿಮಾತು:

ಪುರಾವೆಕೊಡಿ ಅವರೇ, ಫೋನ್ ಮಾತಿನ ವಿಷಯ ಪೂರ್ತಿ ಒಪ್ಪುತ್ತೇನೆ. 2016ರ ಆ ಲೇಖನವನ್ನೂ ಒಪ್ಪುತ್ತೇನೆ. ಆದರೆ ಅಲ್ಲಿ ಅಳೆದದ್ದು ಪದ ಹಿಡಿದರೋ ಇಲ್ಲವೋ ಅನ್ನುವುದನ್ನು. ಮೂಲೆಮೇಜು ಅವರು ಪದ ಹಿಡಿದಿದ್ದಾರೆ! ಹಿಡಿದದ್ದು ಯಾಕೆ ಉಳಿಯಲಿಲ್ಲ ಅನ್ನುವುದು ಅವರ ಪ್ರಶ್ನೆ. ಅದಕ್ಕೆ 1968ರ ಪ್ರಯೋಗವೇ ಹತ್ತಿರ. 1995ರಲ್ಲಿ ಪಿಚೋರಾ-ಫುಲ್ಲರ್, ಶ್ನೈಡರ್ ಮತ್ತು ಡೇನ್‌ಮನ್ ಕೂಡ ಗಲಾಟೆಯ ಮಧ್ಯೆ ವಾಕ್ಯಗಳನ್ನು ಕೇಳಿಸಿ, ಪ್ರತಿ ವಾಕ್ಯದ ಕೊನೆಯ ಪದವನ್ನು ಆಮೇಲೆ ನೆನಪಿಸಿಕೊಳ್ಳಿ ಅಂದಿದ್ದರು. ಗಲಾಟೆ ಹೆಚ್ಚಾದಷ್ಟೂ ನೆನಪಿನಲ್ಲಿ ಉಳಿದ ಪದಗಳು ಕಡಿಮೆಯಾದವು. 54 ವರ್ಷ ಎಳೆಯ ವಯಸ್ಸಂತೂ ಅಲ್ಲ, ಕ್ಷಮಿಸಿ ಮೇಡಂ.

ಜೋಡಿಯಂತ್ರ ಅವರೇ, ನಿಮ್ಮ ಅನುಭವಕ್ಕೆ ಗಟ್ಟಿ ಆಧಾರವಿದೆ. ವರ್ಕಿಂಗ್ ಮೆಮೊರಿ ಕಡಿಮೆ ಇರುವವರಿಗೆ ನಿಧಾನದ ಸೆಟ್ಟಿಂಗ್ ಹೆಚ್ಚು ಹೊಂದುತ್ತದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಹಾಗಂತ ನಿಮಗೆ ಕಡಿಮೆ ಅಂತ ನಾನು ಹೇಳುತ್ತಿಲ್ಲ, ಜಗಳಕ್ಕೆ ಬರಬೇಡಿ!

---

ಜೋಡಿಯಂತ್ರ:

ಜಗಳಕ್ಕೆ ಬರುವಷ್ಟು ನೆನಪಿದ್ದರೆ ತಾನೇ.

---

ಮೂಲೆಮೇಜು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉತ್ತರಗಳನ್ನು ಮನೆಯಲ್ಲಿ ಓದಿ ಹೇಳಿದೆ. ಕಣ್ಣಿನ ಪಾಪೆಯ ವಿಷಯಕ್ಕೆ ಮಗ ಸುಮ್ಮನಾದ.

ಆಫೀಸಿನಲ್ಲೂ ಗಮನಿಸಿದೆ. ಪುರಾವೆಕೊಡಿ ಅವರು ಹೇಳಿದ್ದು ನಿಜ. ಪ್ರಿಂಟರ್ ಒಂದೇ ಓಡುತ್ತಿದ್ದರೆ ಹೇಗೋ ಸಂಭಾಳಿಸುತ್ತೇನೆ. ಎದುರಿನವರು ಫೋನಿನಲ್ಲಿ ಯಾರದ್ದೋ ವಿಳಾಸವನ್ನೋ ನಂಬರನ್ನೋ ಹೇಳುತ್ತಿದ್ದರೆ ಮುಗಿಯಿತು, ನನ್ನ ನಂಬರ್ ಜಾಗದಲ್ಲಿ ಅವರದ್ದು ಬಂದು ಕೂರುತ್ತದೆ.

ಎರಡು ಸಂದೇಹ. ಸುಮ್ನೆಓದುಗ ಅವರು ಹೇಳಿದ ಆ್ಯಪ್ ಆಡಿದರೆ ಉಪಯೋಗ ಇದೆಯಾ? ಮತ್ತೆ ಪರೀಕ್ಷೆ ಇನ್ನೊಮ್ಮೆ ಮಾಡಿಸಬೇಕಾ? ಮಾಡಿಸಿದರೆ ಏನಂತ ಕೇಳಬೇಕು? ಮತ್ತೆ ಬೀಪ್ ಕೇಳಿಸಿ "ನಾರ್ಮಲ್" ಅಂದರೆ ಸುಮ್ನೆ ಹೋಗಿ ಬಂದ ಹಾಗಾಗುತ್ತದೆ.

---

ಕಿವಿಮಾತು:

ಆ್ಯಪ್ ಮೊದಲು. ಆಡಿದರೆ ಆ ಆಟದಲ್ಲಿ ಚುರುಕಾಗುತ್ತೀರಿ, ಅದರಲ್ಲಿ ಅನುಮಾನ ಇಲ್ಲ. ಆ ಚುರುಕು ಬೇರೆ ಕೆಲಸಕ್ಕೆ ಹರಿದುಬರುತ್ತದಾ ಅಂತ ಮೆಲ್ಬಿ-ಲೆರ್ವೋಗ್ ಮತ್ತು ಹ್ಯೂಮ್ 2013ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹರಿದುಬರುವ ಗುರುತು ಕಾಣಲಿಲ್ಲ. ಖುಷಿಗೆ ಆಡಿ. ಸುಮ್ನೆಓದುಗ ಅವರಿಗೂ ಇದೇ ಮಾತು.

ಸ್ಲೇಟು ದೊಡ್ಡದು ಮಾಡುವುದಕ್ಕಿಂತ ಅದರ ಮೇಲಿನ ಹೊರೆ ಇಳಿಸುವುದು ಸುಲಭ. ನಾನಾಗಿದ್ದರೆ ಮೇಲಧಿಕಾರಿಗೆ ನೇರವಾಗಿ ಹೇಳುತ್ತಿದ್ದೆ: "ಸರ್, ಪ್ರಿಂಟರ್ ಸದ್ದಿದೆ, ಫೈಲ್ ನಂಬರ್ ಹೇಳಿ ಒಂದು ಕ್ಷಣ ನಿಲ್ಲಿಸಿ, ಬರೆದುಕೊಳ್ಳುತ್ತೇನೆ." ಆ ನಿಲುಗಡೆಯಲ್ಲೇ ಕಚ್ಚಾ ಲೆಕ್ಕ ಮುಗಿಯುತ್ತದೆ. ಸಂಖ್ಯೆಯನ್ನು ಬಿಡಿಬಿಡಿಯಾಗಿ "ಎಂಟು, ಆರು" ಅಂತ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಿ. ಎಂಬತ್ತಾರು ತೊಂಬತ್ತಾರು ಸದ್ದಿನಲ್ಲಿ ಒಂದರಂತೆ ಒಂದು ಕೇಳುತ್ತವೆ, ಎಂಟು ಒಂಬತ್ತು ಅಷ್ಟು ಹೋಲುವುದಿಲ್ಲ. "ಏನು ಸರ್?" ಅಂತ ಪೂರ್ತಿ ಮತ್ತೆ ಕೇಳಬೇಡಿ. "ಎಷ್ಟನೇ ಹಾಳೆ ಸರ್?" ಅಂತ ಬೇಕಾದ ತುಂಡನ್ನಷ್ಟೇ ಕೇಳಿ. ಪೂರ್ತಿ ಕೇಳಿದರೆ ಪೂರ್ತಿ ಹೊರೆ ಮತ್ತೆ ಬರುತ್ತದೆ. ಅವರು ಕಿರುಚಬೇಕಾಗಿಲ್ಲ. ಕಿರುಚಿದರೆ ಸ್ವರಗಳು ಜೋರಾಗುತ್ತವೆ, ಸ ಶ ಪ ತ ಥರದ ಸಣ್ಣ ಅಕ್ಷರಗಳು ಅದೇ ಲೆಕ್ಕದಲ್ಲಿ ಏರುವುದಿಲ್ಲ. ಸ್ವಲ್ಪ ನಿಧಾನ, ಮಧ್ಯೆ ನಿಲುಗಡೆ, ಅಷ್ಟು ಸಾಕು. ಇನ್ನೊಂದು, ಕುರ್ಚಿಯನ್ನು ಫೋನಿನವರಿಗೆ ಬೆನ್ನು ಮಾಡಿ ತಿರುಗಿಸಿ. ದನಿಗಳು ಬೇರೆ ಬೇರೆ ದಿಕ್ಕಿನಿಂದ ಬಂದರೆ ಎರಡು ಕಿವಿ ಸೇರಿ ಬಿಡಿಸುವುದು ಸುಲಭ.

ಪರೀಕ್ಷೆ ಇನ್ನೊಮ್ಮೆ ಮಾಡಿಸಿ, ಹೌದು. "ಸ್ಪೀಚ್ ಇನ್ ನಾಯ್ಸ್ ಟೆಸ್ಟ್ ಬೇಕು" ಅಂತಲೇ ಕೇಳಿ. ಹಿನ್ನೆಲೆಯಲ್ಲಿ ಗದ್ದಲ ಹಾಕಿ, ಪದವನ್ನೋ ವಾಕ್ಯವನ್ನೋ ಕೇಳಿಸಿ, ತಿರುಗಿ ಹೇಳಿ ಅನ್ನುತ್ತಾರೆ. ಮಾತು ಗದ್ದಲಕ್ಕಿಂತ ಎಷ್ಟು ಡೆಸಿಬೆಲ್ ಮೇಲಿದ್ದರೆ, ಅಥವಾ ಎಷ್ಟು ಕೆಳಗಿದ್ದರೂ, ನಿಮಗೆ ಅರ್ಧದಷ್ಟು ಸಿಗುತ್ತದೆ ಅನ್ನುವುದು ಅದರ ಅಂಕ. ಕಿವಿ ಚೆನ್ನಾಗಿರುವವರಿಗೆ ಮಾತು ಗದ್ದಲಕ್ಕಿಂತ ಕೆಲವು ಡೆಸಿಬೆಲ್ ಕೆಳಗಿದ್ದರೂ ಅರ್ಧ ಸಿಗುತ್ತದೆ. ಆ ಅಂಚಿನಲ್ಲಿ ಒಂದೊಂದು ಡೆಸಿಬೆಲ್ಲೂ ದೊಡ್ಡದು, ಅದಕ್ಕೇ ನಿಮಗೆ ಕುರ್ಚಿ ತಿರುಗಿಸಿ ಅಂದದ್ದು. ಅಂಕ ಕೆಟ್ಟದಾಗಿ ಬಂದರೆ ಪುರಾವೆಕೊಡಿ ಅವರ ಅನುಮಾನಕ್ಕೆ ಬಲ ಬರುತ್ತದೆ, ಮುಂದಿನ ದಾರಿ ನೋಡಬಹುದು. ಚೆನ್ನಾಗಿ ಬಂದರೆ, ನಿಮಗೆ ಪದ ಸಿಗುತ್ತಿದೆ, ಅದಕ್ಕೆ ತೆರುವ ಬೆಲೆ ಜಾಸ್ತಿ ಅಂತ ಗೊತ್ತಾಗುತ್ತದೆ.

ಮರೆವಿನ ಹೆದರಿಕೆ ಇದ್ದೇ ಇದ್ದರೆ ಒಂದನ್ನು ಗಮನದಲ್ಲಿಡಿ. ಸದ್ದಿಲ್ಲದ ಕಡೆ ಹೇಳಿದ್ದು, ಓದಿದ್ದು, ನಿನ್ನೆ ಮೊನ್ನೆ ನಡೆದದ್ದೇ ಮರೆಯಲು ಶುರುವಾದರೆ ನರತಜ್ಞರನ್ನು ನೋಡಿ, ಕಾಯಬೇಡಿ. ಅಲ್ಲಿ ಹೋಗುವಾಗಲೂ ಕಿವಿಯ ವರದಿ ಜೊತೆಗಿರಲಿ. ನೆನಪಿನ ಪರೀಕ್ಷೆಯ ಪ್ರಶ್ನೆಗಳನ್ನು ಬಾಯಲ್ಲೇ ಕೇಳುತ್ತಾರೆ. ಅವು ಸರಿಯಾಗಿ ಕೇಳಿಸದಿದ್ದರೆ ಇಲ್ಲದ ಮರೆವನ್ನೂ ಬರೆದುಬಿಡಬಹುದು.

ಸ್ಪೀಚ್ ಇನ್ ನಾಯ್ಸ್ ಪರೀಕ್ಷೆಗೆ ಬೆಳಗಿನ ಹೊತ್ತು ತೆಗೆದುಕೊಳ್ಳಿ, ಆ ಹಾಲ್‌ನಲ್ಲಿ ಇಡೀ ದಿನ ಕೂತು ದಣಿದು ಹೋಗಬೇಡಿ. ವಾಕ್ಯಗಳು ಕನ್ನಡದಲ್ಲೇ ಇರುತ್ತವಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಹುಟ್ಟಿನಿಂದ ಆಡದ ಭಾಷೆಯಲ್ಲಿ ಮಾಡಿದರೆ ಎಲ್ಲರಿಗೂ ಅಂಕ ಕೆಟ್ಟದಾಗೇ ಬರುತ್ತದೆ. ಹಳೆಯ ಆಡಿಯೋಗ್ರಾಂ ಜೊತೆಗೆ ತೆಗೆದುಕೊಂಡು ಹೋಗಿ.